ಎಡಗೈ ಹುರಿಯ ಕಂಬಳಿ

"ಏ ಎಡಚಿ ಮುಂಡಿ, ಹೊಸ್ತಲಾ ದಾಟಬ್ಯಾಡ! ಕಣ್ಣು ಮಣ್ಣಾಗ್ಯಾವೇನ್? ಒಳಗ ಪೂಜಿ ನಡದೈತಿ!"

ಹಾಲಸ್ವಾಮಿ ಅಯ್ಯನವರ ಬೈಗುಳಕ್ಕೆ ಹುಲಿಗೆಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಕೋಗಳಿ ರಸ್ತೆಯ ಹೊಸ ಶೆಡ್ಡಿಗೆ ಅಂದು ಪೂಜೆ. ಒಳಗೆ ನೂಲುವ ಹೆಂಗಸರ ಸಾಲು, ಅವರ ಸಂಘದ ಅಧ್ಯಕ್ಷೆ ನೀಲಗಂಗಮ್ಮ, ಮೊಬೈಲು ಎತ್ತಿ ಹಿಡಿದ ಊರ ಹಿರಿಯರು. ನಟ್ಟನಡುವೆ ಹೊಚ್ಚಹೊಸ ಕಂಬಳಿಯ ಮೇಲೆ ಪೂಜೆಗೆ ಕೂತ ಅಯ್ಯನವರು. ಕರಿ ಉಣ್ಣೆಗೆ ಕೆಂಪು, ನೀಲಿ, ಹಳದಿ ಉಣ್ಣೆ ಬೆರೆಸಿ ಹಿಂಜಿ, ನೂತು ನೇಯ್ದ ಕಂಬಳಿ ಅದು. ಆ ನೂಲಷ್ಟೂ ಹುಲಿಗೆಮ್ಮನದು.

ಬೆರಕೆ ಉಣ್ಣೆ ಉಳಿದವರ ಕೈಯಲ್ಲಿ ತುಂಡುತುಂಡಾಗುತ್ತಿತ್ತು. ಅದಕ್ಕೇ ನೀಲಗಂಗಮ್ಮ ಅದನ್ನು ಕದ್ದುಮುಚ್ಚಿ ಹಿತ್ತಲ ಬಣವೆಯ ಹಿಂದೆ ಇಡುತ್ತಿದ್ದಳು. ಹುಲಿಗೆಮ್ಮ ಎಡಗೈಯಿಂದ ಕದಿರು ತಿರುವಿ ನೂತು, ಅಲ್ಲೇ ತಂದಿಡುತ್ತಿದ್ದಳು. ಇಬ್ಬರೂ ಒಂದೇ ಹೊಲದಲ್ಲಿ ಕಳೆ ಕಿತ್ತು ಬೆಳೆದವರು.

"ಶೆಡ್ ಆಗ್ಲಿ ತಡಿಲೇ, ನನ್ನ ಬಾಜೂಕ ಕುಂದ್ರಸ್ಕೊಂತೀನಿ" ಎಂದು ನೀಲಗಂಗಮ್ಮ ಅಲ್ಲೇ ಅವಳ ತಲೆ ಮುಟ್ಟಿ ಆಣೆ ಮಾಡಿದ್ದಳು. ಊರವರಾರೂ ಮುಟ್ಟದ ತಲೆ ಮುಟ್ಟಿ! ಹುಲಿಗೆಮ್ಮನನ್ನು ಕೆಡಿಸಿದ್ದೇ ಆ ಮುಟ್ಟುವಿಕೆ. ಅದನ್ನೇ ನಂಬಿ ಇವತ್ತು ತಲೆಗೆ ಎಣ್ಣೆ ಹಚ್ಚಿ, ಸೊಂಟಕ್ಕೆ ಕದಿರು ಸಿಕ್ಕಿಸಿಕೊಂಡು ಬಂದಿದ್ದಳು.

"ನೀಲಗಂಗಕ್ಕಾ, ನೀನರ ಹೇಳ. ನೀನ ಕರದಿ ಅಲ್ಲಾ?"

ನೀಲಗಂಗಮ್ಮ ಸೆರಗು ಸರಿಮಾಡಿಕೊಂಡಳು. "ನಾ ಯಾಕ ಕರೀಲಿ? ನಮ್ಮ ಉಣ್ಣಿ ಮುಟ್ಟಾಕ ನಿಮ್ಮ ಕೇರಿಯವರನ್ನ ಯಾವಾಗ ಬಿಟ್ಟೀವಿ? ಹೋಗಬೇ, ಮರ್ಯಾದಿಲೆ ಹೋಗು."

ಅಯ್ಯನವರ ಬೈಗುಳ ಹುಲಿಗೆಮ್ಮನಿಗೆ ನಾಟಿರಲಿಲ್ಲ, ಅದು ಹುಟ್ಟಿದಾಗಿನಿಂದ ಕೇಳಿದ್ದೇ. ಇದು ನಾಟಿತು.

"ಬಿಟ್ಟಿಲ್ಲೇನ್? ಹಂಗಾದ್ರ ಆ ಕಂಬಳಿ ಅಂಚಿನ ಎಳಿ ಹಿಡದು ನಿನ್ನ ಬಲಗೈಲೆ ಹೊಸದ ನೋಡು. ನೀವು ನೂತಿದ್ದಾದ್ರ ಹುರಿ ಬಿಗೀತೈತಿ. ಈ ಎಡಚಿ ಮುಂಡಿ ನೂತಿದ್ದಾದ್ರ ಹುರಿ ಉಲ್ಟಾ, ಬಿಚ್ಚತೈತಿ!"

ನೀಲಗಂಗಮ್ಮ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು. ಸಾಲಿನಲ್ಲಿದ್ದ ಮುದುಕಿ ದಾಕ್ಷಾಯಣಮ್ಮ ಮಾತ್ರ ತಡೆಯಲಾರದೆ ಬಗ್ಗಿ ಒಂದು ಎಳೆ ಹಿಡಿದು ಹೊಸೆದಳು. ಹುರಿ ಸಡಿಲಾಗಿ ಬಣ್ಣದ ಉಣ್ಣೆ ಬೆರಳಿಗೆ ಬಂತು.

"ಅಯ್ಯ ಶಿವನ! ಎಡಗೈದೇ ಐತ್ರೆವ್ವಾ!"

ಅಯ್ಯನವರು ಕೆಂಡದ ಮೇಲೆ ಕೂತವರ ಹಾಗೆ ಜಿಗಿದೆದ್ದರು. "ಥೂ, ಸೂಳೇರಾ! ಎಂಥಾದ್ರ ಮ್ಯಾಲ ಕುಂದ್ರಿಸೀರಿ ನನ್ನ!" ಎನ್ನುತ್ತ ಧೋತರ ಝಾಡಿಸಿಕೊಂಡು ನಳದ ಕಡೆ ಓಡಿದರು.

ಹುಲಿಗೆಮ್ಮ ಹೊಸ್ತಿಲು ದಾಟಿದಳು. ಖಾಲಿಯಾದ ಕಂಬಳಿಯ ಮೇಲೆ ಕಾಲು ಮಡಚಿ ಕೂತು, ಪಕ್ಕದ ಬುಟ್ಟಿಯಿಂದ ಉಣ್ಣೆ ಎಳೆದುಕೊಂಡು ಕದಿರು ತಿರುವಿದಳು.

"ಎಬ್ಬಸ್ರಿ ಅಕೀನ!" ನೀಲಗಂಗಮ್ಮ ಕಿರುಚಿದಳು.

ಎಬ್ಬಿಸಬೇಕಾದರೆ ಮುಟ್ಟಬೇಕಿತ್ತು. ಯಾರೂ ಮುಂದೆ ಬರಲಿಲ್ಲ.

"ನೀನ ಬಾ ಲೇ ನೀಲಗಂಗಿ" ಎಂದಳು ಹುಲಿಗೆಮ್ಮ, ನೂಲಿನಿಂದ ಕಣ್ಣೆತ್ತದೆ. "ಬಣವಿ ಹಿಂದ ತಲಿ ಮುಟ್ಟಿದ್ದಿ ಅಲ್ಲಾ, ಇಲ್ಲಿ ಎಲ್ಲಾರ ಮುಂದ ಮುಟ್ಟು."