ಯಾರ ತಲೆಯ ಹೇನು

ಎಲೆ ಉದುರುವ ಕಾಲ ಬಂತೆಂದರೆ ಆ ಶಾಲೆಯ ಮೂರನೇ ತರಗತಿಯಲ್ಲಿ ಪಾಠ ಅರ್ಧ, ಎಲೆ ಅರ್ಧ. ಸೋಮವಾರ ಅಂಗಳದಲ್ಲಿ ಎಲೆ ಹೆಕ್ಕುವುದು, ಮಂಗಳವಾರ ಅವನ್ನು ದಪ್ಪ ಪುಸ್ತಕಗಳ ನಡುವೆ ಒತ್ತಿಡುವುದು, ಬುಧವಾರ ಬಿಳಿ ಹಾಳೆಗೆ ಅಂಟಿಸಿ ಚಿತ್ರ ಮಾಡುವುದು, ಗುರುವಾರ ಆ ಚಿತ್ರದ ಬಗ್ಗೆ ನಾಲ್ಕು ಸಾಲು ಬರೆಯುವುದು, ಶುಕ್ರವಾರ ಎಲ್ಲವನ್ನೂ ಗೋಡೆಗೆ ಹಚ್ಚಿ ಅಪ್ಪ ಅಮ್ಮಂದಿರನ್ನು ಕರೆದು ತೋರಿಸುವುದು. ವಾರ ಮುಗಿಯುವಷ್ಟರಲ್ಲಿ ಚೀಲದಲ್ಲಿ ಎಲೆ, ಜೇಬಿನಲ್ಲಿ ಎಲೆ, ಒಮ್ಮೊಮ್ಮೆ ಟೀಚರ್ ಊಟದ ಡಬ್ಬಿಯಲ್ಲೂ ಎಲೆ. ಟೀಚರ್ ಅದಕ್ಕೆಲ್ಲ ಬೇಸರಪಟ್ಟುಕೊಳ್ಳುವವರಲ್ಲ. ಮಕ್ಕಳು ಗಲಾಟೆ ಮಾಡದೆ ಕೆಲಸ ಮಾಡುವ ಕಾಲ ವರ್ಷಕ್ಕೆ ಇದೊಂದೇ ಎಂದು ಅವರಿಗೆ ಗೊತ್ತಿತ್ತು.

ಆ ಬುಧವಾರ ನಾಲ್ಕು ಮಕ್ಕಳಿಗೆ ಒಂದು ಹಾಳೆ, ಒಂದು ಅಂಟಿನ ಬಟ್ಟಲು. ಕಿಟಕಿ ಪಕ್ಕದ ಗುಂಪಿನಲ್ಲಿ ಗೂಬೆಯ ಚಿತ್ರ ತಯಾರಾಗುತ್ತಿತ್ತು. ವಯಸ್ಸಿಗೆ ತಕ್ಕ ಎತ್ತರವಿಲ್ಲದ್ದಕ್ಕೆ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದ ಹುಡುಗಿ ಕಂದು ಎಲೆಗಳನ್ನು ಒಂದರ ಮೇಲೊಂದು ಜೋಡಿಸಿ ಗೂಬೆಗೆ ಗರಿ ಹಚ್ಚುತ್ತಿದ್ದಳು. ಶಾಲೆಯ ಬೀದಿ ಮೂಲೆಯಲ್ಲಿರುವ ಔಷಧಿ ಅಂಗಡಿಯವಳ ಮಗಳು ಚಿನ್ನು ರೆಕ್ಕೆ ಹಿಡಿದುಕೊಂಡಿದ್ದಳು. ಇನ್ನಿಬ್ಬರದು ಉಸ್ತುವಾರಿ. ನಾಲ್ಕು ತಲೆಗಳೂ ಒಂದಕ್ಕೊಂದು ತಾಗಿಕೊಂಡೇ ಇದ್ದವು. ಆಗ ಗೂಬೆಯ ಕೊಕ್ಕಿನ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಏನೋ ಬಿತ್ತು. ಬಿದ್ದದ್ದು ಸುಮ್ಮನಿರದೆ ನಡೆಯಿತು.

"ಹೇನು!" ಎಂದು ಚಿನ್ನು ಕಿರುಚಿದಳು.

ಅದು ಯಾವ ತಲೆಯಿಂದ ಬಿತ್ತೆಂದು ಹೇಳಲು ಯಾರಿಂದಲೂ ಆಗುತ್ತಿರಲಿಲ್ಲ. ಆದರೂ ತರಗತಿಯ ಕಣ್ಣೆಲ್ಲ ಗುಬ್ಬಿಯ ಕಡೆಗೇ ತಿರುಗಿತು. ಅವಳಮ್ಮ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಿದ್ದಳು. ಲಾಂಡ್ರಿಯ ಹಿಂದಿನ ಎರಡು ಕೋಣೆಗಳೇ ಅವರ ಮನೆ. ಊರವರ ಕೊಳೆ ಬಟ್ಟೆಯೆಲ್ಲ ಅವರ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಹೇನು ಅಂಥ ಮನೆಯದೇ ಎಂದು ಮಕ್ಕಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ, ಊಟ ಮಾಡುವಾಗ ದೊಡ್ಡವರ ಮಾತು ಕಿವಿಗೆ ಬಿದ್ದಿತ್ತು ಅಷ್ಟೆ.

"ನಂದಲ್ಲ," ಎಂದಳು ಗುಬ್ಬಿ. ಅವಳ ಬೆರಳಿನಲ್ಲಿ ಅಂಟು ಒಣಗುತ್ತಿತ್ತು.

ಟೀಚರ್ ಒಳ್ಳೆಯವರೇ. ಅದಕ್ಕೇ ಅವರು ಮಾಡಿದ ತಪ್ಪು ತಪ್ಪಿನಂತೆ ಕಾಣಲಿಲ್ಲ. ಗದರಲಿಲ್ಲ, ಮುಖ ಸಿಂಡರಿಸಲಿಲ್ಲ. ಗುಬ್ಬಿಯ ಬೆನ್ನು ಸವರಿ, "ಸ್ವಲ್ಪ ದಿನ ಅಲ್ಲಿ ಕೂತ್ಕೋ ಪುಟ್ಟಾ," ಎಂದು ಬಾಗಿಲ ಪಕ್ಕದ ಒಂಟಿ ಬೆಂಚನ್ನು ತೋರಿಸಿದರು. ಗುಬ್ಬಿ ಚೀಲ ಎತ್ತಿಕೊಂಡು ಹೋಗಿ ಕೂತಳು. ಗೂಬೆಯ ಉಳಿದ ಗರಿಗಳನ್ನು ಚಿನ್ನು ಹಚ್ಚಿದಳು.

ಮರುದಿನ ಬೆಳಿಗ್ಗೆ ಗುಬ್ಬಿಯ ಅಮ್ಮ ತರಗತಿಯ ಬಾಗಿಲಲ್ಲಿ ನಿಂತಿದ್ದಳು. ಸೋಪಿನ ನೀರಿಗೆ ಬೆರಳ ತುದಿಗಳೆಲ್ಲ ಬಿಳಿಚಿಕೊಂಡಿದ್ದವು.

"ಇತ್ತು ಟೀಚರ್, ಇಲ್ಲ ಅಂತ ಸುಳ್ಳು ಹೇಳಲ್ಲ. ನಾಲ್ಕೈದು ಇತ್ತು, ತೆಗೆದಿದೀನಿ. ಇನ್ನು ಅವಳನ್ನ ಒಳಗೆ ಕೂರಿಸಿ."

"ಸೋಮವಾರದವರೆಗೆ ತಡೀರಿ. ಬೇರೆ ಮನೆಯವರು ಬೇಜಾರು ಮಾಡ್ಕೊಂಡಿದಾರೆ. ನಿನ್ನೆ ಸಂಜೆಯಿಂದ ಫೋನ್ ಮೇಲೆ ಫೋನ್."

"ಬೇರೆ ಮಕ್ಕಳ ತಲೆ ನೋಡಿದ್ರಾ?"

ಟೀಚರ್ ನೋಡಿರಲಿಲ್ಲ.

"ಹೇನು ಮನೆ ನೋಡ್ಕೊಂಡು ಬರಲ್ಲ ಟೀಚರ್, ತಲೆ ಸಿಕ್ಕಿದ್ರೆ ಸಾಕು ಅದಕ್ಕೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು ನಿಮ್ಮ ನ್ಯಾಯ."

"ನೀವು ಹಾಗೆ ತಿಳ್ಕೋಬೇಡಿ. ಮಗುವಿನ ಒಳ್ಳೇದಕ್ಕೇ ಮಾಡಿದ್ದು. ಪಕ್ಕದಲ್ಲಿ ಕೂತು ಯಾರಾದ್ರೂ ಆಡ್ಕೊಂಡ್ರೆ…"

"ಈಗ ಆಡ್ಕೊಳ್ತಿಲ್ವಾ?" ಎಂದಳು ಅವಳು. ಕೆಲಸಕ್ಕೆ ಹೊತ್ತಾಗಿತ್ತು, ಜಗಳಕ್ಕೆ ನಿಲ್ಲಲಿಲ್ಲ. ಎರಡು ಹೆಜ್ಜೆ ಹೋದವಳು ತಿರುಗಿ, "ನಾಳೆ ಎಲ್ಲರ ಅಪ್ಪ ಅಮ್ಮ ಬರ್ತಾರಲ್ಲ, ನಾನೂ ಬರ್ತೀನಿ. ಎಲ್ಲರ ಮುಂದೇನೇ ಕೇಳ್ತೀನಿ," ಎಂದಳು.

ಆ ದಿನವೆಲ್ಲ ಟೀಚರ್‌ಗೆ ತಲೆ ಕಡಿತ. ಹೇನಿನ ಮಾತಾಡಿ ಆಡಿ ಹೀಗಾಗುತ್ತಿದೆ ಎಂದುಕೊಂಡರು. ಮನೆಗೆ ಹೋದ ಮೇಲೂ ಪೆನ್ಸಿಲಿನ ಹಿಂಬದಿಯಿಂದ ಕೆರೆದುಕೊಳ್ಳುತ್ತಿದ್ದದ್ದು ಅತ್ತೆಯ ಕಣ್ಣಿಗೆ ಬಿತ್ತು.

"ಬಾರೇ ಇಲ್ಲಿ, ಬೆಳಕಿಗೆ ಬಾ," ಎಂದು ಅತ್ತೆ ಸೊಸೆಯನ್ನು ಕಿಟಕಿಯ ಬಳಿ ಕೂರಿಸಿಕೊಂಡು ತುರುಬು ಬಿಚ್ಚಿದರು. ಮರುಕ್ಷಣ ಲೊಚಗುಟ್ಟಿದರು. "ಅಯ್ಯೋ ನಿನ್ನ! ಇಲ್ಲೊಂದು ಸಂಸಾರವೇ ಇದೆಯಲ್ಲೇ, ಮಕ್ಕಳು ಮರಿ ಸಮೇತ! ಸಂಬಳದ ಜೊತೆ ಇದನ್ನೂ ಕೊಡ್ತಾರಾ ನಿಮ್ಮ ಸ್ಕೂಲಲ್ಲಿ?"

ಟೀಚರ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಯಾರಿಗೂ ಹೇಳ್ಬೇಡಿ ಅತ್ತೆ."

"ನಾನ್ಯಾಕೆ ಡಂಗುರ ಹೊಡೀಲಿ? ಹೋಗಿ ಔಷಧಿ ತಗೊಂಡು ಬಾ."

ದಾರಿಯಲ್ಲಿ ಟೀಚರ್ ಯೋಚಿಸಿದರು. ಗುಬ್ಬಿ ಯಾವತ್ತೂ ತನಗೆ ಒರಗಿ ನಿಂತವಳಲ್ಲ, ದೂರದಿಂದಲೇ ಉತ್ತರ ಹೇಳುವ ಮಗು. ದಿನವೂ ಹೆಗಲಿಗೆ ಕೆನ್ನೆ ಹಚ್ಚಿ "ಟೀಚರ್ ಟೀಚರ್" ಎನ್ನುವವಳು ಚಿನ್ನು. ಹಾಗಾದರೆ ಇದು ಚಿನ್ನುವಿನದೇ? ಈ ಯೋಚನೆ ಬಂದ ಕೂಡಲೇ ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಒಂದು ಮಗುವನ್ನು ಬಿಟ್ಟು ಇನ್ನೊಂದು ಮಗುವನ್ನು ಕಟಕಟೆಗೆ ಎಳೆಯುತ್ತಿದ್ದೇನಲ್ಲ, ಎಂದುಕೊಂಡರು.

ಮೂಲೆಯ ಅಂಗಡಿ ಚಿನ್ನುವಿನ ಅಮ್ಮನದು. ಅಲ್ಲಿಗೆ ಹೋಗಿ ಹೇನಿನ ಔಷಧಿ ಕೇಳುವ ಧೈರ್ಯ ಟೀಚರ್‌ಗೆ ಇರಲಿಲ್ಲ. ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಮಾರ್ಕೆಟ್ ದಾಟಿ, ಯಾರೂ ಗುರುತು ಹಿಡಿಯದ ಬೀದಿಯ ಅಂಗಡಿಗೆ ಹೋದರು. ಅಲ್ಲಿ ಕೌಂಟರಿನ ಮುಂದೆ ಪೋಸ್ಟ್‌ಮ್ಯಾನ್ ನಿಂತಿದ್ದ. ಅವನ ಮೂರು ಹೆಣ್ಣುಮಕ್ಕಳಲ್ಲಿ ಕಿರಿಯವಳು ಇವರ ತರಗತಿಯವಳೇ. ಅವನ ತಲೆಯೋ, ತೊಳೆದಿಟ್ಟ ತಟ್ಟೆ. ಹೇನು ಬಂದರೂ ಜಾರಿ ಬೀಳಬೇಕು. ಟೀಚರನ್ನು ಕಂಡದ್ದೇ ಹಸಿರು ಬಾಟಲಿಯೊಂದು ಸರಕ್ಕನೆ ಅವನ ಚೀಲದೊಳಗೆ ಹೋಯಿತು.

"ಕೆಮ್ಮು ಟೀಚರ್. ಮಕ್ಕಳಿಗೆ ಒಂದೇ ಸಮ ಕೆಮ್ಮು."

"ನನಗೂ ಕೆಮ್ಮೇ," ಎಂದರು ಟೀಚರ್. ಕೆಮ್ಮಿಯೂ ತೋರಿಸಿದರು.

ಅವನು ಹೋದ ಮೇಲೆ ಮುದುಕ ಅಂಗಡಿಯವರ ಕಿವಿಯ ಹತ್ತಿರ ಬಗ್ಗಿ ಬೇಕಾದ್ದನ್ನು ಹೇಳಿದರು. ಅಂಗಡಿಯವರು ತಿರುಗಿ ನೋಡದೆಯೇ ಹಿಂದಿನ ಕಪಾಟಿಗೆ ಕೈ ಹಾಕಿದರು. ಅದೇ ಹಸಿರು ಬಾಟಲಿ.

"ಇದೇ ಕೊನೇದಮ್ಮ. ನಿಮ್ಮ ಶಾಲೆ ಕಡೆಯವರೆಲ್ಲ ಇದಕ್ಕೇ ಬರ್ತಿದಾರೆ. ಅಲ್ಲೇ ಮೂಲೇಲಿ ಅಂಗಡಿ ಇಟ್ಕೊಂಡು ಇಷ್ಟು ದೂರ ಯಾಕೆ ಬರ್ತಾರೋ ನನಗಂತೂ ಗೊತ್ತಾಗ್ತಿಲ್ಲ. ವ್ಯಾಪಾರ ಆಗುತ್ತೆ, ನನಗೇನು!"

ಟೀಚರ್‌ಗೆ ಗೊತ್ತಾಯಿತು. ಮನೆಗೆ ನಡೆಯುತ್ತಾ ಅವರಿಗೆ ಸಿಟ್ಟು ಉಕ್ಕಿ ಬಂತು, ಅರ್ಧ ಊರಿನ ಮೇಲೆ, ಅರ್ಧ ತಮ್ಮ ಮೇಲೆ. ಎಲ್ಲರ ಮನೆಯಲ್ಲೂ ಇದೆ. ಎಲ್ಲರೂ ಮುಚ್ಚಿಟ್ಟಿದ್ದಾರೆ. ಆ ಮುಚ್ಚುಮರೆಯ ದಂಡವನ್ನು ಒಂದು ಪುಟ್ಟ ಮಗು ಬಾಗಿಲ ಪಕ್ಕ ಕೂತು ಕಟ್ಟುತ್ತಿದೆ. ಕೂರಿಸಿದ್ದು ತಾನೇ. ನಾಳೆ ಏನಾದರೂ ಆಗಲಿ, ಹೇಳಿಬಿಡಬೇಕು. ಜನ ನಕ್ಕರೆ ನಗಲಿ, ಕೆಲಸದ ಮೇಲೆ ಮಾತು ಬಂದರೆ ಬರಲಿ. ಮನೆ ಸೇರುವಷ್ಟರಲ್ಲಿ ಅವರ ನಿರ್ಧಾರ ಗಟ್ಟಿಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಗೋಡೆಯ ತುಂಬ ಎಲೆಯ ಗೂಬೆ, ಎಲೆಯ ಮೀನು, ಎಲೆಯ ದೋಣಿ. ಮಕ್ಕಳನ್ನು ಅಂಗಳಕ್ಕೆ ಆಡಲು ಕಳಿಸಿ, ದೊಡ್ಡವರು ಮಕ್ಕಳ ಕುರ್ಚಿಗಳಲ್ಲಿ ಮಂಡಿ ಮಡಚಿ ಕೂತಿದ್ದರು. ಗುಬ್ಬಿಯ ಅಮ್ಮ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಅವಳ ಎಡಕ್ಕೂ ಬಲಕ್ಕೂ ಒಂದೊಂದು ಕುರ್ಚಿ ಖಾಲಿ ಉಳಿದಿತ್ತು.

ಚಿನ್ನುವಿನ ಅಮ್ಮನೇ ಮೊದಲು ಎದ್ದಳು. ಮಾತು ಒರಟಾಗಿರಲಿಲ್ಲ.

"ನಾನು ಯಾರನ್ನೂ ಕೀಳಾಗಿ ನೋಡೋಳಲ್ಲ. ದುಡಿದು ತಿನ್ನೋರ ಮೇಲೆ ನನಗೆ ಗೌರವಾನೇ ಇದೆ. ಆದ್ರೆ ನನಗಿರೋದು ಒಬ್ಬಳೇ ಮಗಳು, ಭಯ ಆಗುತ್ತೆ. ಒಂದು ಹತ್ತು ದಿನ ಆ ಮಗು ಮನೇಲೇ ಇರಲಿ ಅಂತ ಕೇಳ್ತಿದೀನಿ ಅಷ್ಟೆ. ನೋಡಿ, ಈ ಕ್ಲಾಸಿನ ಒಬ್ಬರೂ ಇದುವರೆಗೆ ನನ್ನ ಅಂಗಡಿಗೆ ಹೇನಿನ ಔಷಧಿಗೆ ಬಂದಿಲ್ಲ. ಅಂದ್ರೆ ಬೇರೆ ಯಾರ ಮನೇಲೂ ಇಲ್ಲ ಅಂತ ತಾನೆ?"

ಕೆಲವರು ತಲೆಯಾಡಿಸಿದರು. ಪೋಸ್ಟ್‌ಮ್ಯಾನ್ ಗೋಡೆಯ ಮೀನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಗುಬ್ಬಿಯ ಅಮ್ಮ ಎದ್ದಳು. "ನಾನು ಬೆಳಿಗ್ಗೆ ಹೋದ್ರೆ ಬರೋದು ಸಂಜೆ. ಹತ್ತು ದಿನ ಅವಳು ಗೋಡೆ ನೋಡ್ಕೊಂಡು ಕೂತಿರಬೇಕಾ? ಅವಳ ತಲೆ ಈಗ ಚೊಕ್ಕವಾಗಿದೆ. ಬೇಕಿದ್ರೆ ಕರೀತೀನಿ, ನೀವೇ ನೋಡಿ. ನೋಡಿದ ಮೇಲೆ ನಿಮ್ಮ ಮಕ್ಕಳ ತಲೇನೂ ತೋರಿಸಿ."

ಟೀಚರ್ ತಮ್ಮ ಚೀಲಕ್ಕೆ ಕೈ ಹಾಕಿ ಹಸಿರು ಬಾಟಲಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿಟ್ಟರು.

"ಇದು ನನ್ನದು. ನಿನ್ನೆ ಸಂಜೆ ತಗೊಂಡೆ. ನನ್ನ ತಲೇಲಿ ಹೇನಿದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಲ್ಲಿದ್ದ ಅರ್ಧ ಜನರ ಕೈ ತಮಗೆ ತಿಳಿಯದೆಯೇ ತಲೆಗೆ ಹೋಯಿತು.

"ಮೂಲೆ ಅಂಗಡೀಲಿ ಕೇಳೋಕೆ ನಾಚಿಕೆಯಾಗಿ ಮಾರ್ಕೆಟ್ ಆಚೆ ಹೋಗಿದ್ದೆ. ಹೇನಿರೋರನ್ನ ಹೊರಗೆ ಹಾಕೋದಾದ್ರೆ ಮೊದಲು ನಾನು ಹೋಗ್ಬೇಕು. ನಾನು ಒಬ್ಬರ ತಲೇನೂ ನೋಡದೆ ಒಂದೇ ಮಗುವನ್ನ ಎಬ್ಬಿಸಿ ಬೇರೆ ಕೂರಿಸಿದೆ. ಅದು ತಪ್ಪು." ಅವರು ಗುಬ್ಬಿಯ ಅಮ್ಮನ ಕಡೆ ತಿರುಗಿದರು. "ನನ್ನದು ತಪ್ಪಾಯ್ತು."

ಆಮೇಲೆ ಪೋಸ್ಟ್‌ಮ್ಯಾನ್ ಮೀನಿನಿಂದ ಕಣ್ಣು ತೆಗೆದು ಎದ್ದು ನಿಂತ.

"ಟೀಚರ್, ನಿನ್ನೆ ನನ್ನ ಕೈಲಿದ್ದದ್ದು ಕೆಮ್ಮಿನ ಔಷಧಿ ಅಲ್ಲ."

ಯಾರೋ ಅವನ ಬೋಳುತಲೆ ನೋಡಿ ಕಿಸಕ್ಕನೆ ನಕ್ಕರು. "ನಗ್ರಪ್ಪಾ ನಗ್ರಿ," ಎಂದ ಅವನು, "ಮನೇಲಿ ಮೂರು ಮಕ್ಕಳಿಗೆ ಆರು ಜಡೆ. ನನ್ನೊಬ್ಬನಿಗೇ ಕ್ಷೇಮ." ಆ ನಗುವಿನಲ್ಲಿ ಬಿಗಿ ಸಡಿಲಾಯಿತು. ಹಿಂದಿನ ಸಾಲಿನ ಒಬ್ಬಳು, "ನಮ್ಮನೇಲೂ," ಎಂದಳು. ಅವಳ ಪಕ್ಕದವಳು, "ನಾನೂ ಆ ಮುದುಕರ ಅಂಗಡೀಲೇ ತಗೊಂಡದ್ದು," ಎಂದಳು. ಹಾಗೇ ಇನ್ನೊಬ್ಬರು, ಮತ್ತೊಬ್ಬರು.

"ಎಲ್ಲಾ ಅಲ್ಲಿಗೆ ಹೋದ್ರಾ?" ಎಂದಳು ಚಿನ್ನುವಿನ ಅಮ್ಮ. "ಇಲ್ಲೇ ನಾನು ಅಂಗಡಿ ಇಟ್ಕೊಂಡಿರುವಾಗ?" ಜನ ಇನ್ನಷ್ಟು ನಕ್ಕರು. ಅವಳು ನಗಲಿಲ್ಲ. ನಿಂತೇ ಇದ್ದವಳು ತಲೆ ತಗ್ಗಿಸಿದಳು. ಮತ್ತೆ ಮಾತಾಡಿದಾಗ ದನಿ ಇಳಿದಿತ್ತು.

"ಚಿನ್ನುಗೂ ಇದೆ. ಎರಡು ವಾರ ಆಯ್ತು, ಹಚ್ತಾನೇ ಇದೀನಿ. ಔಷಧಿ ಅಂಗಡಿಯವಳ ಮಗಳ ತಲೇಲೇ ಹೇನು ಅಂದ್ರೆ ಜನ ಏನಂತಾರೋ ಅಂತ ಬಾಯಿ ಬಿಡಲಿಲ್ಲ."

"ಗೊತ್ತಿದ್ದೂ ನನ್ನ ಮಗಳ ಕಡೆ ಬೆರಳು ತೋರಿಸಿದ್ರಾ?" ಎಂದಳು ಗುಬ್ಬಿಯ ಅಮ್ಮ.

ಚಿನ್ನುವಿನ ಅಮ್ಮ ಸಾಲು ದಾಟಿ ಬಂದು, ಅವಳ ಬಲಗಡೆಯ ಖಾಲಿ ಕುರ್ಚಿಯಲ್ಲಿ ಕೂತಳು. ಗುಬ್ಬಿಯ ಅಮ್ಮ ಅವಳ ಮುಖ ನೋಡಲಿಲ್ಲ, ಆದರೆ ಕುರ್ಚಿ ಸರಿಸಿಕೊಳ್ಳಲೂ ಇಲ್ಲ.

"ಭಾನುವಾರ ಎಲ್ಲರ ಮನೇಲೂ ಒಂದೇ ದಿನ ತಲೆ ನೋಡೋಣ," ಎಂದರು ಟೀಚರ್. "ಒಂದು ಮನೆ ಬಿಟ್ಟರೂ ಮತ್ತೆ ಬರುತ್ತೆ. ಇನ್ಮೇಲೆ ಯಾರೂ ಕೆಮ್ಮಬಾರದು."

"ನಾಳೆಯಿಂದ ಬಾಟಲಿಗಳನ್ನ ಮುಂದಿನ ಸಾಲಲ್ಲೇ ಇಡ್ತೀನಿ," ಎಂದಳು ಚಿನ್ನುವಿನ ಅಮ್ಮ. "ಕೇಳಬೇಕಾಗೂ ಇಲ್ಲ, ತೋರಿಸಿದ್ರೆ ಸಾಕು."

ಸೋಮವಾರ ಬೆಳಿಗ್ಗೆ ಮಕ್ಕಳೆಲ್ಲ ಔಷಧಿಯ ವಾಸನೆ ಹೊತ್ತುಕೊಂಡು ಬಂದರು. ಗುಬ್ಬಿ ಕಿಟಕಿ ಪಕ್ಕದ ತನ್ನ ಹಳೆಯ ಜಾಗದಲ್ಲಿ ಚೀಲ ಇಟ್ಟಳು. ಎಲ್ಲರಿಗಿಂತ ತಡವಾಗಿ ಬಂದ ಚಿನ್ನು ಯಾರ ಮುಖವನ್ನೂ ನೋಡಲಿಲ್ಲ. ಅಮ್ಮ ಎಲ್ಲರ ಮುಂದೆ ನಿಜ ಹೇಳಿದ್ದು ಅವಳಿಗೆ ಗೊತ್ತಾಗಿತ್ತು. ಹೇನಿದ್ದವರು ಎಲ್ಲಿ ಕೂರಬೇಕೆಂಬುದನ್ನೂ ಅವಳು ಆ ತರಗತಿಯಲ್ಲೇ ಕಲಿತಿದ್ದಳು. ನೆಟ್ಟಗೆ ಹೋಗಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಟೀಚರ್ ಬಾಯಿ ತೆರೆಯುವ ಮೊದಲೇ ಗುಬ್ಬಿ ತಿರುಗಿ ಕೂಗಿದಳು:

"ಏ ಚಿನ್ನು, ಅಲ್ಲಿ ಕೂರ್ಬೇಡ ಕಣೇ. ಅಲ್ಲಿಂದ ಬೋರ್ಡ್ ಕಾಣಲ್ಲ."

ಚಿನ್ನು ಎದ್ದು ಬಂದಳು. ಗುಬ್ಬಿ ಸರಿದು ಜಾಗ ಕೊಟ್ಟಳು. ಟೀಚರ್ ಹೋಗಿ ಆ ಖಾಲಿ ಬೆಂಚಿನಲ್ಲಿ ಕೂತು ನೋಡಿದರು. ತೆರೆದ ಬಾಗಿಲು ಬೋರ್ಡಿಗೆ ಪೂರ್ತಿ ಅಡ್ಡವಾಗಿತ್ತು. ಒಂದಕ್ಷರವೂ ಕಾಣುತ್ತಿರಲಿಲ್ಲ. ಗುಬ್ಬಿ ಅಲ್ಲಿದ್ದಷ್ಟು ದಿನವೂ ಅವರು ಅದೇ ಬೋರ್ಡಿನ ಮೇಲೆ ಬರೆದು, "ಎಲ್ಲರೂ ನೋಡಿ ಬರ್ಕೊಳ್ಳಿ," ಎಂದಿದ್ದರು.

ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದು, ಯಾರ ಸಹಾಯವನ್ನೂ ಕೇಳದೆ, ಆ ಬೆಂಚನ್ನು ಅಂಗಳಕ್ಕೆ ಎಳೆದುಕೊಂಡು ಹೋದರು. ಅದು ಎಲೆ ಹೆಕ್ಕುವ ದಿನ. ಹಿಂದೆಯೇ ಓಡಿಬಂದ ಮಕ್ಕಳು ತಮ್ಮ ಬುಟ್ಟಿಗಳನ್ನೆಲ್ಲ ಅದರ ಮೇಲೆ ಸಾಲಾಗಿ ಇಟ್ಟರು.