ಪಕ್ಕದ ಸೀಟಿನ ಅರ್ಧ ತಪ್ಪು

ಇದರಲ್ಲಿ ನಾನು ಒಂದಕ್ಕೆರಡು ಸೇರಿಸಿಲ್ಲ, ನಡೆದದ್ದನ್ನೇ ಹೇಳುತ್ತಿದ್ದೇನೆ. ಸೇರಿಸಿ ಅಭ್ಯಾಸವೂ ಇಲ್ಲ. ನಮ್ಮದು ವಿಮಾ ಕಚೇರಿ, ಕಳೆಯುವುದೇ ಕೆಲಸ.

ಕಳೆಯುವುದರಲ್ಲಿ ಎತ್ತಿದ ಕೈ ನಮ್ಮ ಅರ್ಧರಾಯರದು. ಕುಡಿದವನ ಗಾಡಿಯಲ್ಲಿ ಕೂತು ಪೆಟ್ಟು ತಿಂದವರು ಪರಿಹಾರ ಕೇಳಿ ಬಂದರೆ ಸಾಕು, ಮೂಗಿನಲ್ಲೇ ರಾಗ ಎಳೆಯುವರು: "ಕುಡಿದಿದಾನೆ ಅಂತ ಗೊತ್ತಿತ್ತಲ್ಲಾ? ಗೊತ್ತಿದ್ದೂ ಹತ್ತಿದಿರಲ್ಲಾ? ಅರ್ಧ ತಪ್ಪು ನಿಮ್ದೇ!" ಪರಿಹಾರವೂ ಅರ್ಧ. ಅದಕ್ಕೇ ನಾವಿಟ್ಟ ಹೆಸರು ಅರ್ಧರಾಯರು.

ಅಂದು ಅವರೆದುರು ಒಬ್ಬ ದರ್ಜಿ ಹೆಂಗಸು ಪ್ಲಾಸ್ಟರಿನ ಕಾಲು ಚಾಚಿ ಕೂತಿದ್ದಳು. ಹೊಲಿಗೆ ಯಂತ್ರ ತುಳಿಯುವ ಕಾಲೇ ಮುರಿದಿತ್ತು. ಪೂರ್ತಿ ಪರಿಹಾರ ಸಿಕ್ಕರೆ ಆಪರೇಷನ್, ಇಲ್ಲದಿದ್ದರೆ ಜೀವನಪೂರ್ತಿ ಕುಂಟು.

"ಅಂಗಡಿ ಯಜಮಾನ್ರು ಕುಡಿದಿದ್ದು ನಿಜ ಸಾರ್. ಹತ್ತಮ್ಮ ಅಂದ್ರು. ಒಲ್ಲೆ ಅಂದಿದ್ರೆ ನಾಳೆಯಿಂದ ಬರಬೇಡ ಅಂತಿದ್ರು."

"ಅದೆಲ್ಲ ಕಾನೂನಿಗೆ ಬೇಡಮ್ಮಾ. ಅರ್ಧ."

ಹೀಗೆನ್ನುವಾಗ ರಾಯರ ಬಲಗೈಯೂ ಕೊರಳಿನ ಪಟ್ಟಿಯಲ್ಲಿ ತೂಗುತ್ತಿತ್ತು. ಹಿಂದಿನ ವಾರ ನಮ್ಮ ಮ್ಯಾನೇಜರು ಔತಣ ಮುಗಿಸಿ, ತೂರಾಡುತ್ತಲೇ ಇವರನ್ನು ಕಾರಿನಲ್ಲಿ ಕೂರಿಸಿಕೊಂಡು, ದೀಪದ ಕಂಬಕ್ಕೆ ಮುತ್ತಿಟ್ಟಿದ್ದರು. ರಾಯರು ತಮಗೆ ಮಾತ್ರ ಪೂರ್ತಿ ಪರಿಹಾರ ಕೇಳಿ ಪ್ರಧಾನ ಕಚೇರಿಗೆ ಬರೆದಿದ್ದರು.

ನನಗೆ ತಡೆಯಲಾಗಲಿಲ್ಲ. ಒಳಕೋಣೆಗೆ ಹೋಗಿ ಅವರ ಮೇಜಿನ ಫೋನಿಗೆ ಕರೆ ಮಾಡಿದೆ, ಅವರದೇ ದನಿಯಲ್ಲಿ. ತನ್ನ ಮೂಗಿನ ರಾಗ ಯಾರಿಗೆ ತಾನೇ ಗುರುತು ಸಿಗುತ್ತದೆ? ರಾಯರ ಎಡಗೈಯಲ್ಲಿ ಟೀ ಲೋಟವಿತ್ತು. ರಾಯರು ಕಿರುಬೆರಳಲ್ಲಿ ಸ್ಪೀಕರ್ ಒತ್ತಿದರು.

"ಪ್ರಧಾನ ಕಚೇರಿ. ನಿಮ್ಮ ಕೈ ವಿಚಾರ. ಮ್ಯಾನೇಜರು ಕುಡಿದಿದಾರೆ ಅಂತ ಗೊತ್ತಿತ್ತಲ್ಲಾ?"

"ಗೊತ್ತಿತ್ತು ಸ್ವಾಮಿ, ಆದ್ರೆ..."

"ಗೊತ್ತಿದ್ದೂ ಹತ್ತಿದಿರಲ್ಲಾ? ಅರ್ಧ ತಪ್ಪು ನಿಮ್ದೇ!"

"ಅಯ್ಯೋ, ಮ್ಯಾನೇಜರೇ ಬಾಗಿಲು ತೆಗೆದು ಹತ್ತಯ್ಯಾ ಅಂದ್ರೆ ಒಲ್ಲೆ ಅನ್ನೋಕಾಗುತ್ತಾ? ನನ್ನ ಬಡ್ತಿ ಅವರ ಕೈಲಿದೆ! ಹೊಟ್ಟೆಪಾಡಿಗೆ ಹತ್ತಿದ್ದನ್ನ ತಪ್ಪು ಅಂತೀರಲ್ಲ, ಎಂಥಾ ಕಲ್ಲೆದೆಯವರ್ರೀ ನೀವು!"

ದರ್ಜಿ ಮೆಲ್ಲಗೆ ಕೇಳಿದಳು: "ನಾನು ಹೇಳಿದ್ದೂ ಇದನ್ನೇ ಅಲ್ವಾ ಸಾರ್?"

ನಾನು ಫೋನ್ ಹಿಡಿದೇ ಹೊರಗೆ ಬಂದು, ಮೂಗಿನಲ್ಲೇ ಎಂದೆ: "ಆ ಕಲ್ಲೆದೆಯವರು ನೀವೇ ರಾಯರೇ."

ಎಲ್ಲರೂ ಘೊಳ್ಳೆಂದರು. ರಾಯರ ಮುಖ ಕೆಂಪಾಯಿತು, ಬಿಳುಪಾಯಿತು. ಇನ್ನೂ ಅರ್ಧ ಎಂದರೆ ತಮ್ಮ ಕೈಯ ಪರಿಹಾರಕ್ಕೂ ಕತ್ತರಿ! ಪಾಪ, ಲೋಟ ಕೆಳಗಿಟ್ಟು, ಎಡಗೈಯಲ್ಲೇ ಸೊಟ್ಟಸೊಟ್ಟ ಅಕ್ಷರದಲ್ಲಿ ಆಕೆಯ ಕಡತದ ಮೇಲೆ 'ಪೂರ್ತಿ' ಎಂದು ಬರೆದರು. ಬರೆಯುತ್ತಿದ್ದಂತೆ ಅವರ ಭುಜ ಕುಲುಕತೊಡಗಿತು, ಆಮೇಲೆ ಹೊಟ್ಟೆ, ಆಮೇಲೆ ಮೇಜು.

"ಕೈ ನೋಯುತ್ತೆ ಕಣ್ರಯ್ಯಾ, ನಗಿಸಬೇಡ್ರಯ್ಯಾ!" ಎನ್ನುತ್ತಲೇ ನಮ್ಮೆಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.