ಬಾವಿಗೆ ಕೊಟ್ಟ ಮಾತು

ಹಿಂದೂಪುರದಲ್ಲಿ ನಾನು ನರ್ಸಿಂಗ್ ಓದಿದ ಹುಡುಗಿಯರಿಗೆ ಜರ್ಮನ್ ಕಲಿಸುತ್ತೇನೆ. ಪರೀಕ್ಷೆಯಲ್ಲಿ ಪರಿಸರದ ಬಗ್ಗೆ ಮಾತಾಡಲೇಬೇಕು. ಪುಸ್ತಕದಲ್ಲಿರುವುದೆಲ್ಲ ಹಿಮಕರಡಿಯ ಕಥೆ. ಹಿಮಕರಡಿ ಕಟ್ಟಿಕೊಂಡು ನಮಗೇನಾಗಬೇಕು ಎಂದು ರೇಗಿ, ನಿಮ್ಮ ನಿಮ್ಮ ಊರಿನ ನೀರಿನ ಬಗ್ಗೆ ಹೇಳಿ ಎಂದೆ.

ಕಲ್ಯಾಣದುರ್ಗದ ಕೃಷ್ಣವೇಣಿ ಮಾತ್ರ ಬಾಯಿ ಬಿಡಲಿಲ್ಲ. ಬರೆಯುವುದರಲ್ಲಿ ಜಾಣೆ, ನಾಲ್ಕು ಜನರೆದುರು ನಿಂತರೆ ನಾಲಿಗೆ ಹೊರಳದು. ಮಾತಿನ ಪರೀಕ್ಷೆಯಲ್ಲಿ ಆಗಲೇ ಫೇಲಾಗಿದ್ದಳು. ಇನ್ನೊಮ್ಮೆ ಫೇಲಾದರೆ ಜರ್ಮನಿಯ ಆಸ್ಪತ್ರೆಯ ಕೆಲಸ ಕೈತಪ್ಪುತ್ತಿತ್ತು.

ನಮ್ಮ ತರಗತಿಯ ಮೂಲೆಯಲ್ಲಿ ನೆಲದಿಂದ ಒಂದು ಪೈಪು ಎದ್ದುನಿಂತಿದೆ. ಕಟ್ಟಡದ ಮಾಲೀಕ ಶ್ರೀರಾಮಪ್ಪ ಬತ್ತಿದ ಬಾವಿಗೆ ಮಣ್ಣು ತುಂಬಿ ಈ ಕೋಣೆ ಕಟ್ಟಿಸಿದವರು. ಬಾವಿ ಮುಚ್ಚಿದರೂ ಗಂಗಮ್ಮನ ಉಸಿರು ಕಟ್ಟಬಾರದೆಂದು ಹಿರಿಯರು ಹೇಳಿದ್ದಕ್ಕೆ ಪೈಪು ಬಿಡಿಸಿದ್ದರು. ಕೃಷ್ಣವೇಣಿ ಎಲ್ಲರೂ ಹೋದ ಮೇಲೆ ಅದಕ್ಕೆ ಬಾಯಿಟ್ಟು ಪಾಠ ಒಪ್ಪಿಸತೊಡಗಿದಳು. ಬೋರ್‌ವೆಲ್‌ಗಳು ಹೇಗೆ ಆಳಕ್ಕಿಳಿದವು, ನೀರು ಎಲ್ಲಿ ಹೋಯಿತು, ಎಲ್ಲ ಜರ್ಮನ್‌ನಲ್ಲೇ. ಬಾವಿಗೇನು, ತಪ್ಪಾಡಿದರೂ ನಗುವುದಿಲ್ಲ ಎಂದು ನಾನೂ ಸುಮ್ಮನಿದ್ದೆ.

ಪಾಸಾದಳು. ಹೊರಡುವ ದಿನ ನನ್ನ ಕಾಲಿಗೆ ನಮಸ್ಕರಿಸಿ, ಮೂಲೆಗೆ ಹೋಗಿ ಬಗ್ಗಿದಳು. ಹೊರಟವರು ಬರೀ 'ಹೋಗ್ತೀನಿ' ಎನ್ನುವುದು ನಮ್ಮಲ್ಲಿ ಅಪಶಕುನ.

"ಹೋಗ್ಬತ್ತೀನಿ ಕಣಮ್ಮ," ಎಂದಳು.

ಪೈಪಿನೊಳಗಿಂದ "ವಾನ್?" ಎಂದು ಕೇಳಿಸಿತು. ನಾನು ಮೊದಲ ವಾರವೇ ಕಲಿಸುವ ಪದ, 'ಯಾವಾಗ' ಎಂದರ್ಥ. ದನಿ ಕೃಷ್ಣವೇಣಿಯದೇ. ಆದರೆ ಅವಳ ತುಟಿ ಅಲುಗಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದರಲ್ಲೂ ಗಂಗಮ್ಮನೆದುರು ಆಡಿದ್ದನ್ನು ಹಿಂತೆಗೆದುಕೊಳ್ಳುವುದುಂಟೇ? ಹುಡುಗಿ ನನ್ನ ಮುಖ ನೋಡಿದಳು, ಯೋಚಿಸಿದಳು, ಮತ್ತೆ ಬಗ್ಗಿದಳು.

"ನಿನ್ನೊಳಗೆ ನೀರು ಬಂದ ದಿನ ಬತ್ತೀನಿ."

ಪೈಪು ಮತ್ತೆ ಮಾತಾಡಲಿಲ್ಲ. ನಮ್ಮಿಬ್ಬರಿಗೂ ಹೋದ ಜೀವ ಬಂದಂತಾಯಿತು. ಈ ಸೀಮೆಯಲ್ಲಿ ಮಣ್ಣು ತುಂಬಿದ ಬಾವಿಗೆ ಎಲ್ಲಿಯ ನೀರು?

ಜರ್ಮನಿಯಿಂದ ಫೋನ್ ಮಾಡಿದಾಗಲೆಲ್ಲ ಕೃಷ್ಣವೇಣಿ ನಗುತ್ತ, ನೀರು ಬಂತಾ ಮೇಡಂ ಎಂದು ಕೇಳುತ್ತಿದ್ದಳು. ಆ ನಗುವಿನ ಅಡಿಯಲ್ಲಿ ಹೆದರಿಕೆಯಿತ್ತು. ಇಲ್ಲ ಕಣಮ್ಮ, ನೀನು ನಿಶ್ಚಿಂತೆಯಿಂದಿರು ಎನ್ನುತ್ತಿದ್ದೆ.

ಈ ಬೇಸಿಗೆಯಲ್ಲಿ ಒಂದು ಹನಿ ಮಳೆಯಿಲ್ಲ. ಓಣಿಯವರೆಲ್ಲ ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಾರೆ. ನಾನು ಮಾತ್ರ ಹುಡುಗಿಯರು ಬರುವ ಮುಂಚೆಯೇ ಬಂದು, ಬಾಗಿಲು ಹಾಕಿಕೊಂಡು ಮೂಲೆಯ ನೆಲ ಒರೆಸುತ್ತೇನೆ. ಬಟ್ಟೆ ಹಿಂಡಿದಷ್ಟೂ ನೀರು. ಬರಬೇಡ ತಾಯಿ ಎಂದು ನೀರನ್ನು ಬೇಡಿಕೊಳ್ಳುವವಳು ಈ ಊರಲ್ಲಿ ನಾನೊಬ್ಬಳೇ ಇರಬೇಕು. ಯಾರಿಗೂ ಹೇಳಿಲ್ಲ, ಅವಳಿಗಂತೂ ಹೇಳಲೇ ಇಲ್ಲ.

ನಿನ್ನೆ ನೀರು ಬೆಂಚಿನ ಕಾಲು ಮುಟ್ಟಿತು. ಸಂಜೆ ಕೃಷ್ಣವೇಣಿಯ ಫೋನ್ ಬಂತು. ಈ ಸಲ ನೀರಿನ ಮಾತೇ ಎತ್ತಲಿಲ್ಲ.

"ಕೆಲ್ಸ ಬಿಟ್ಬುಟ್ಟೆ ಮೇಡಂ. ಯಾಕೆ ಅಂತ ನಂಗೇ ಗೊತ್ತಾಯ್ತಿಲ್ಲ. ಬತ್ತಾ ಇದೀನಿ."